ಎಂತ ತೊಂದ್ರೆನೂ ಇಲ್ಲ

ಸಾಮಾಜಿಕ ಪರಿವರ್ತನೆ ನಮಗೆ ಎಂ.ಎ. ಮೊದಲ ವರ್ಷದ ಒಂದು ಪತ್ರಿಕೆ. ಪಾಠ ಊಟವಾದ ಮೇಲೆ. ಸಮಾಜ ಚಕ್ರದ ಹಾಗೆ ತಿರುಗುತ್ತದೋ, ಏಣಿಯ ಹಾಗೆ ಮೇಲೇರುತ್ತದೋ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದವರು ನಾವಿಬ್ಬರು ಗೆಳತಿಯರೇ, ನಾನು ಮತ್ತು ಅವಳು.

ಇಬ್ಬರೂ ಅಮ್ಮತ್ತಿ ಕಡೆಯ ಒಂದೇ ಎಸ್ಟೇಟಿನವರು. ನನ್ನಪ್ಪ ಅಲ್ಲಿ ರೈಟರ್. ಕೂಲಿಯವರ ಹಾಜರಿ ಹಾಕಿ, ಸಂಜೆ ಅವರು ಕುಯ್ದು ತಂದ ಕಾಫಿ ಹಣ್ಣು ತೂಗಿಸಿ, ನಡುವೆ ಗಂಟಲು ಹರಿದುಕೊಳ್ಳುವುದು ಅವರ ಕೆಲಸ. ಅವಳ ಅಮ್ಮ ಅದೇ ಎಸ್ಟೇಟಿನ ಕೂಲಿಯಾಳು. ಕೂಲಿಯವರ ಲೈನಿನ ಸಾಲು ರೂಮುಗಳಲ್ಲಿ ಕಟ್ಟಕಡೆಯದು ಅವರದು. ಆ ಲೈನಿನಿಂದ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಬಸ್ಸಿನಲ್ಲಿ ನಮ್ಮದು ಒಂದೇ ಸೀಟು, ಒಂದೇ ಡಬ್ಬಿ. ಎಸ್ಟೇಟಿನ ಗೇಟಿನಲ್ಲಿ ಇಳಿದ ಮೇಲೆ ಮಾತ್ರ ಅವಳು ಸ್ವಲ್ಪ ಹಿಂದೆ ಬಿದ್ದು ನಡೆಯುತ್ತಿದ್ದಳು. ಕೇಳಿದರೆ ಚಪ್ಪಲಿ ಕಚ್ಚುತ್ತದೆ ಎನ್ನುತ್ತಿದ್ದಳು.

ಸೆಮಿನಾರಿನಲ್ಲಿ ಎಲ್ಲರೂ ಯಾವುದೋ ದೇಶದ ಸಿದ್ಧಾಂತ ಉರು ಹೊಡೆದು ಬಂದಿದ್ದರೆ ಅವಳು ತನ್ನ ಲೈನಿನ ಬಗ್ಗೆ ಮಾತಾಡಿದಳು.

"ನಮ್ಮ ಲೈನಿಗೆ ಯಾರು ಬಂದು ಎಂತ ಕೇಳಿದ್ರೂ ನಾವು ಹೇಳೋದು ಒಂದೇ, ಎಂತ ತೊಂದ್ರೆನೂ ಇಲ್ಲ ಅಂತ. ಆಸ್ಪತ್ರೆಯವ್ರು ಬರ್ಲಿ, ಓಟು ಕೇಳೋರು ಬರ್ಲಿ. ಮಕ್ಕಳಿಗೂ ಅದನ್ನೇ ಕಲ್ಸಿರ್ತಾರೆ. ಯಾಕಂದ್ರೆ ರೂಮು ಎಸ್ಟೇಟಿಂದು. ನೀವು ಫೀಲ್ಡ್‌ವರ್ಕಿಗೆ ಹೋದ್ರೆ ಅದನ್ನ ನಂಬ್ಕೊಂಡು ವಾಪಸ್ ಬರ್ಬೇಡಿ. ರೈಟರ್ ಇಲ್ಲದಾಗ ಇನ್ನೊಂದ್ಸಲ ಕೇಳಿ."

ಹೀಗೆಂದು ನನ್ನ ಕಡೆ ನೋಡಿ ನಕ್ಕಳು. ಕ್ಲಾಸೂ ನಕ್ಕಿತು, ನಾನೂ ನಕ್ಕೆ. ಮೇಷ್ಟ್ರು ಹಿರಿಹಿರಿ ಹಿಗ್ಗಿ, ಇದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ ಎಂದರು. ಅವಳು ಮುಂದೆ ಲೆಕ್ಚರರ್ ಆಗುತ್ತಾಳೆ ಎಂದು ಅವತ್ತೇ ನಾನು ನಿರ್ಧರಿಸಿಬಿಟ್ಟೆ.

ಡಿಸೆಂಬರಿನಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾಯಿತು. ಅಕಾಲದ ಮಳೆಗೆ ನೆಲ ಜಾರುತ್ತಿತ್ತು. ಅವಳ ಅಮ್ಮ ಹಣ್ಣಿನ ಚೀಲ ಹೊತ್ತು ಇಳಿಯುವಾಗ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಮರುವಾರದಿಂದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ನಮ್ಮ ಎಸ್ಟೇಟಿನಲ್ಲಿ ಲೈನಿನವರಿಗೆಲ್ಲ ಬಾಯಿಪಾಠವಾದ ಒಂದು ಕಟ್ಟಳೆಯಿತ್ತು: ರೂಮಿಗೊಂದು ಕೈ. ಕೆಲಸಕ್ಕೆ ಒಂದು ಕೈ ಬಂದರೆ ರೂಮು ಉಂಟು, ಇಲ್ಲದಿದ್ದರೆ ಇಲ್ಲ. ಅಮ್ಮನ ಕೈಯ ಜಾಗಕ್ಕೆ ಅವಳ ಕೈ ಬಂದಿತ್ತು.

ನಾನು ಅಪ್ಪನ ಮೇಲೆ ಹರಿಹಾಯ್ದೆ. "ಪರೀಕ್ಷೆ ಮುಗಿಯೋವರೆಗಾದ್ರೂ ಅವಳನ್ನ ಬಿಡಿ ಅಪ್ಪ."

ಅಪ್ಪ ಕುಶಾಲನಗರದ ಹತ್ತಿರ ಬಂದು ನೆಲೆಸಿದ ಹಾಸನ ಕಡೆಯವರ ಮಗ. ಮಾತು ಇನ್ನೂ ಹಾಸನದ್ದೇ. "ನಾ ಮಾಡಿದ ರೂಲ್ಸೇನವ್ವ ಅದು? ಕೂಲಿಗೆ ಅಸ್ಸಾಮಿನೋರು ಬಂದು ಶೆಡ್ಡಲ್ಲಿ ಮಲಗವ್ರೆ. ರೂಮು ಖಾಲಿ ಐತೆ ಅಂದ್ರೆ ಇವತ್ತೇ ಅವ್ರಿಗೆ ಕೊಡು ಅಂತಾರೆ ಎಸ್ಟೇಟ್ ಸಾಹುಕಾರ್ರು."

"ಸಾಹುಕಾರ್ರಿಗೆ ಹೇಳಿ ನೋಡಿ."

"ಹೇಳ್ಬೋದು. ನಾಳೆ ನಮ್ಮನ್ನೂ ಖಾಲಿ ಮಾಡು ಅಂದ್ರೆ? ಈ ಕ್ವಾರ್ಟರ್ಸು ನಮ್ಮಪ್ಪ ಕಟ್ಸಿದ್ದಾ?"

ಹುಟ್ಟಿದಾಗಿನಿಂದ ನಮ್ಮ ಮನೆ ಎಂದುಕೊಂಡಿದ್ದ ಗೋಡೆಗಳನ್ನು ನಾನು ನೋಡಿದೆ. ನಾವೂ ಲೈನಿನವರೇ. ನಮ್ಮ ಹೆಂಚು ಸೋರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಆದರೂ ಅಪ್ಪ ಹೋಗಿ ಕೇಳಿದರು. ಸಾಹುಕಾರ್ರು ದನಿ ಎತ್ತುವವರಲ್ಲ. "ಓದ್ಲಿ, ಯಾರು ಬೇಡ ಅಂದ್ರು? ರೂಮು ಬಿಟ್ಟು ಓದ್ಲಿ" ಎಂದರಂತೆ. ಹಾಸಿಗೆ ಹಿಡಿದ ಅಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಓದಬೇಕಿತ್ತೇನೋ. ಇತ್ತ ಹಾಜರಿ ಸಾಲದೆ ಅವಳಿಗೆ ಪರೀಕ್ಷೆಯೂ ತಪ್ಪಿತು. ಮೇಷ್ಟ್ರು ನಿಜವಾಗಿಯೂ ನೊಂದುಕೊಂಡರು. ಹಾಜರಿ ವಿಷಯದಲ್ಲಿ ತಮ್ಮ ಕೈಯಲ್ಲಿ ಏನೂ ಇಲ್ಲವೆಂದೂ, ಮುಂದಿನ ವರ್ಷ ಮತ್ತೆ ಸೇರಬಹುದೆಂದೂ ಹೇಳಿ ಕಳಿಸಿದರು. ನಾನು ಓಡಿಹೋಗಿ ಅವಳಿಗೆ ತಿಳಿಸಿದೆ.

"ಕುಯ್ಲು ಮುಗೀಲಿ, ಬರ್ತೇನೆ" ಎಂದಳು.

ಕಾಫಿ ಕುಯ್ಲು ಮುಗಿಯಿತು, ಕರಿಮೆಣಸು ಬಂತು. ಅದು ಮುಗಿಯಿತು, ನೆರಳು ಮರಗಳ ಕೊಂಬೆ ಸವರುವ ಮರಗಸಿ ಬಂತು. ಮಳೆ ಹಿಡಿದ ಮೇಲೆ ಕಳೆ ತೆಗೆಯುವುದು, ಗೊಬ್ಬರ. ಎಸ್ಟೇಟಿನಲ್ಲಿ ಕೆಲಸ ಮುಗಿಯಿತು ಅನ್ನುವ ತಿಂಗಳೇ ಇಲ್ಲ, ಇಬ್ಬರಿಗೂ ಅದು ಗೊತ್ತಿತ್ತು. ಮತ್ತೆ ಸೇರುವ ಗಡುವು ಕಳೆದ ಮೇಲೆ ನಾನು ಆ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ನಾನು ಮಾತ್ರ ಎರಡನೇ ವರ್ಷಕ್ಕೆ ಹೋದೆ. ಪರಿವರ್ತನೆ ಎಂಬ ಪದ ಕಂಡರೆ ಮೈ ಉರಿಯುತ್ತಿತ್ತು, ಅದರಲ್ಲೇ ಒಳ್ಳೆಯ ಅಂಕ ಬರುತ್ತಿತ್ತು.

ಮುಂದಿನ ಪಿಕ್ಕಿಂಗ್ ಹೊತ್ತಿಗೆ ಮೇಷ್ಟ್ರು ಮೊದಲ ವರ್ಷದವರನ್ನು ಫೀಲ್ಡ್‌ವರ್ಕಿಗೆ ನಮ್ಮ ಎಸ್ಟೇಟಿಗೇ ಕರೆತಂದರು. ಸಾಹುಕಾರ್ರು ಖುಷಿಯಿಂದ ಒಪ್ಪಿ, ಮೇಷ್ಟ್ರನ್ನು ಬಂಗಲೆಯ ಜಗಲಿಯಲ್ಲಿ ಕಾಫಿಗೆ ಕೂರಿಸಿಕೊಂಡರು. ಹುಡುಗಿಯರಿಗೆ ತೋಟ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಕೂಲಿಯವರು ಹಣ್ಣು ಸುರಿಯುವ ಕಣದಲ್ಲಿ ಅವಳು ಸೀರೆಯ ಮೇಲೆ ಹಳೆಯ ಗಂಡಸರ ಶರ್ಟು ತೊಟ್ಟು, ತಲೆಗೆ ಟವೆಲ್ ಕಟ್ಟಿ, ಹಣ್ಣಿನಿಂದ ಎಲೆ ಆರಿಸುತ್ತಿದ್ದಳು. ಹೊಸ ಹುಡುಗಿಯರಿಗೆ ಅವಳು ಯಾರೆಂದು ಗೊತ್ತಿಲ್ಲ. ಹೇಳಲು ನನಗೆ ಬಾಯಿ ಬರಲಿಲ್ಲ.

ಅವರಲ್ಲೊಬ್ಬಳು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದಳು. "ಅಕ್ಕ, ನಿಮಗೆ ಇಲ್ಲಿ ಏನಾದರೂ ಸಮಸ್ಯೆ ಇದೆಯಾ?"

ಅಪ್ಪ ಪಕ್ಕದಲ್ಲೇ ನಿಂತಿದ್ದರು. "ಎಂತ ತೊಂದ್ರೆನೂ ಇಲ್ಲ" ಎಂದಳು, ತಲೆ ಎತ್ತದೆ.

ಆ ಹುಡುಗಿ ಎದ್ದು ಬಂದು ನನ್ನ ಕಿವಿಯಲ್ಲಿ, "ಈ ಉತ್ತರ ನಂಬಬಾರದಂತೆ ಅಕ್ಕ. ಹಿಂದೆ ಯಾರೋ ಸ್ಟೂಡೆಂಟ್ ಹೇಳಿದ್ರಂತೆ, ಸರ್ ಕ್ಲಾಸಲ್ಲಿ ಹೇಳ್ತಾರೆ. ರೈಟರ್ ಇಲ್ಲದಾಗ ಇನ್ನೊಂದ್ಸಲ ಕೇಳ್ಬೇಕಂತೆ" ಎಂದಳು. ಕೇಳಲಿ, ಇವಳಾದರೂ ಕೇಳಲಿ, ಒಂದು ಸಲ ಅವಳು ಬಾಯಿ ಬಿಡಲಿ ಎಂದು ನನಗೆ ಆಸೆಯಾಯಿತು.

ಅಪ್ಪ ತೂಕದ ಕಡೆ ಹೋದರು. ಹುಡುಗಿ ಮತ್ತೆ ಕೂತಳು. "ಈಗ ಹೇಳಿ ಅಕ್ಕ. ರೈಟರ್ ಇಲ್ಲ."

ಅವಳು ಈಗ ತಲೆ ಎತ್ತಿದಳು. ಹುಡುಗಿಯನ್ನು ನೋಡಲಿಲ್ಲ, ಅವಳ ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. ಈ ಸಲ ನಗಲಿಲ್ಲ.

"ಎಂತ ತೊಂದ್ರೆನೂ ಇಲ್ಲ ಮೇಡಂ" ಎಂದು ಮತ್ತೆ ಎಲೆ ಆರಿಸತೊಡಗಿದಳು.

ಅಪ್ಪ ಅಲ್ಲಿರಲಿಲ್ಲ. ನಾನಿದ್ದೆ.