ಕೆಂಪಿ ಮನೆ ಹಿಡಿಯಲಿಲ್ಲ

ನಮ್ಮ ಹೊನ್ನಾವರದವರಿಗೆ ನಾಯಿ ಬೇಕು. ಆದರೆ ಗಂಡೇ ಬೇಕು, ಮರಿಯೇ ಬೇಕು, ಬೆಳ್ಳಗಿದ್ದರೆ ಇನ್ನೂ ಒಳ್ಳೆಯದು. ಹೆಣ್ಣೆಂದರೆ ಮುಖ ಹುಳ್ಳಗಾಗುತ್ತದೆ. ಆಪರೇಷನ್ ಆಗಿದೆ ಮಾರಾಯ್ರೇ, ಇನ್ನು ಮರಿ ಹಾಕುವುದಿಲ್ಲ ಎಂದು ಗಂಟಲು ಹರಿದುಕೊಂಡರೂ "ಆದ್ರೂ ಹೆಣ್ಣಲ್ದಾ?" ಎನ್ನುತ್ತಾರೆ. ಬೇಡವಾದ ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಮೀನುಪೇಟೆಯ ಹಿಂದೆ ಬಿಟ್ಟು ಹೋಗುತ್ತಾರೆ. ಮೀನಿನ ತಲೆಯಾದರೂ ಸಿಗಲಿ ಎಂಬ ದೊಡ್ಡ ಮನಸ್ಸಂತೆ! ಅವರ ದೊಡ್ಡ ಮನಸ್ಸಿಗಿಷ್ಟು ಬೆಂಕಿ ಬೀಳಲಿ.

ಆ ಚೀಲಗಳನ್ನು ಬಿಚ್ಚುತ್ತಿದ್ದವಳು ನಾಗಕ್ಕ. ಹರಿವೆ, ಬಸಳೆ, ಮೊಗೆಕಾಯಿ ಮಾರುವ ನಾಗು ಗೌಡ ಎಂದರೆ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಹೊಲಿಗೆ ಅಂಗಡಿಯ ಜಗಲಿಯೇ ಅವಳ ಜಾಗ. ಗಂಡ ತೀರಿಕೊಂಡ ಮೇಲೆ ದನ ಮಾರಿದಳು. ಖಾಲಿ ಬಿದ್ದ ಕೊಟ್ಟಿಗೆಗೆ ಒಂದು ಮರಿ ತಂದಳು, ಆಮೇಲೆ ಇನ್ನೊಂದು. ಈಗ ಅಲ್ಲಿ ಮೂವತ್ತರ ಮೇಲಿವೆ. ಊರಿನ ಹುಡುಗರ ಸಂಘದವರು ತಗಡು ಹೊದಿಸಿ, ಸುತ್ತ ಬಲೆ ಕಟ್ಟಿಕೊಟ್ಟರು. ಫೋಟೊ ತೆಗೆದು ವಾಟ್ಸ್ಯಾಪಿಗೆ ಹಾಕುವ ಕೆಲಸ ನನ್ನದು. "ಅಯ್ಯೋ ಪಾಪ" ಎಂದು ಬರೆಯುವವರಿಗೇನೂ ಕಡಿಮೆಯಿಲ್ಲ. ಬಂದು ಒಯ್ಯಿರಿ ಎಂದರೆ ಒಬ್ಬರ ಮನೆಯಲ್ಲಿ ಅತ್ತೆಗೆ ಆಗುವುದಿಲ್ಲ, ಇನ್ನೊಬ್ಬರಿಗೆ ಮಡಿ, ಮತ್ತೊಬ್ಬರ ಅಂಗಳಕ್ಕೆ ಹೊಸ ಟೈಲ್ಸು.

ಅಲ್ಲಿದ್ದ ಕೆಂಪಿಯನ್ನಂತೂ ಯಾರೂ ಕೇಳಿದ್ದಿಲ್ಲ. ಹೆಣ್ಣು, ವಯಸ್ಸಾಗಿದೆ, ಹೆದ್ದಾರಿಯಲ್ಲಿ ಲಾರಿ ಬಡಿದು ಹಿಂಗಾಲು ಸೊಟ್ಟಗಾಗಿದೆ. ಅದು ಮಲಗುತ್ತಿದ್ದದ್ದು ನಾಗಕ್ಕನ ಚಾಪೆಯ ತುದಿಯಲ್ಲಿ.

ರವಿಕೆ ಹೊಲಿಸಲು ಬರುತ್ತಿದ್ದ ಮಾವಿನಕುರ್ವೆಯ ಉಮಾ ಒಂದು ದಿನ ಮರಿ ನೋಡುತ್ತೇನೆ ಎಂದಳು. ಗಂಡ ದಿನಕರ ಮೀನಿಗೆ ಹೋದರೆ ಹೊಳೆ ನಡುವಿನ ಆ ದ್ವೀಪದ ಮನೆಯಲ್ಲಿ ಅವಳೊಬ್ಬಳೇ. ನಾನೇ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಮರಿಗಳೆಲ್ಲ ಸುತ್ತ ಕುಣಿಯುತ್ತಿದ್ದರೆ ಕೆಂಪಿ ಕುಂಟುತ್ತ ಬಂದು ಅವಳ ಪಾದದ ಮೇಲೆ ತಲೆಯಿಟ್ಟು ಮಲಗಿತು.

"ನಂಗೆ ಇದೇ ಸಾಕು" ಎಂದಳು ಉಮಾ.

"ಮುದಿ ಆಗ್ತಾ ಬಂದದೆ, ಕಾಲೂ ಸಮ ಇಲ್ಲ. ಸರೀ ನೋಡ್ಕಂಡು ಹೇಳು" ಎಂದಳು ನಾಗಕ್ಕ.

"ನಾ ಎಂತ ಅದ್ನ ಓಟಕ್ಕೆ ಬಿಡ್ತ್ನಾ ನಾಗಕ್ಕ?"

ನಾಗಕ್ಕ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ದೊಡ್ಡ ಹೆಣ್ಣು ನಾಯಿಯೊಂದು ಆ ಕೊಟ್ಟಿಗೆಯಿಂದ ಮನೆಗೆ ಹೋಗುತ್ತಿದ್ದದ್ದು ಅದೇ ಮೊದಲು. ನಾನೂ ಖುಷಿಯಿಂದ ಫೋಟೊ ತೆಗೆದೆ.

ಪ್ರಾಣಿ ಕೊಡುವುದಕ್ಕೆ ನಾಗಕ್ಕನ ಹಿರಿಯರಿಂದ ಬಂದ ಒಂದು ಕಟ್ಟಳೆ ಇತ್ತು. ಹೋದ ಮನೆಯ ಒರಳುಕಲ್ಲಿಗೆ ಮೂರು ಸುತ್ತು ಹಾಕಿಸಬೇಕು. ಮೊದಲ ತುತ್ತು ಆ ಮನೆಯ ಹೆಂಗಸೇ ಕೊಡಬೇಕು. ಕೊಟ್ಟವರು ಮಾತ್ರ ಆ ಕಡೆ ತಲೆ ಹಾಕಬಾರದು. ಹಳೆಯ ದನಿ ಕಿವಿಗೆ ಬಿದ್ದರೆ ಪ್ರಾಣಿ ಹೊಸ ಮನೆ ಹಿಡಿಯುವುದಿಲ್ಲ.

"ಫೋನೂ ಮಾಡ್ಬೇಡ, ನನ್ನ ಕರೀಲೂಬೇಡ. ಹೊಳೆ ದಾಟಿದ್ದು ತಿರುಗಿ ಬರೂದಿಲ್ಲ. ಅದು ಮನೆ ಹಿಡೀಲಿ, ಆಮೇಲೆ ನೋಡ್ವ" ಎಂದು ಉಮಾಳಿಗೆ ಒತ್ತಿ ಒತ್ತಿ ಹೇಳಿದಳು. ಅವರದೇ ದೋಣಿಯಲ್ಲಿ ಕೆಂಪಿ ಹೋಯಿತು. ನಾಗಕ್ಕ ಬೆನ್ನು ತಿರುಗಿಸಿ ನಿಂತಿದ್ದಳು. ಆಮೇಲೆ ಸಂಜೆಯವರೆಗೆ ಬಸಳೆ ಸಿವುಡು ಕಟ್ಟುತ್ತ ಕೂತಳು.

ವಾರ ಕಳೆದಿರಬೇಕು. ದ್ವೀಪದಿಂದ ಮೀನು ಮಾರಲು ಬರುವ ಮಾದೇವಿ ಬುಟ್ಟಿ ಇಳಿಸುತ್ತಲೇ, "ನಿನ್ನ ನಾಯಿ ಸಮಾ ಉಣ್ಣೂದಿಲ್ವೇ ನಾಗು. ಕಟ್ಟು ಬಿಚ್ಚಿದ್ರೆ ಸಾಕು, ದಡದ ಮೇಲೆ ಹೋಗಿ ಈ ಬದಿಗೆ ನೋಡ್ತಾ ಕೂರ್ತದೆ" ಎಂದಳು.

ನಾಗಕ್ಕ ತರಕಾರಿಯನ್ನು ಹಾಗೇ ಬಿಟ್ಟು ಎದ್ದಳು. ಮಷಿನ್ನಿನ ಮೇಲಿದ್ದ ಬಟ್ಟೆ ಬಿಸಾಕಿ ನಾನೂ ಹಿಂದೆಯೇ ಓಡಿದೆ. ದಕ್ಕೆಯಲ್ಲಿ ದೋಣಿ ಹೊರಡುವುದರಲ್ಲಿತ್ತು. ಅದರ ಅಂಚಿಗೆ ಕೈ ಹಚ್ಚಿದ ನಾಗಕ್ಕ ಅಲ್ಲೇ ನಿಂತುಬಿಟ್ಟಳು.

"ದೋಣಿ ಹತ್ತೇ, ಎಂತಕೆ ನಿಂತೆ?" ಎಂದೆ.

"ಈಗ ಹೋದ್ರೆ ಎಲ್ಲಾ ಹಾಳು ತಂಗಿ. ನನ್ನ ಕಂಡ್ರೆ ಬೆನ್ನಿಗೇ ಬತ್ತದೆ. ಅದ್ಕೊಂದು ಮನೆ ಸಿಕ್ಕದೆ, ನಾನೇ ತಪ್ಪಿಸ್ಲಾ?"

ನಾನು ಬೈದೆ, ಕೈ ಹಿಡಿದು ಎಳೆದೆ. ಕೇಳಬೇಕಲ್ಲ! ತಿರುಗಿ ಬಂದು, ಬಾಡಿದ ಹರಿವೆಗೆ ನೀರು ಚಿಮುಕಿಸುತ್ತ ಕೂತಳು.

ಅದಾದ ಎರಡನೆಯ ದಿನ ಬೆಳಿಗ್ಗೆ ಉಮಾ, ದಿನಕರ ಇಬ್ಬರೂ ಕೊಟ್ಟಿಗೆಗೆ ಬಂದರು. ದಿನಕರನ ತೋಳಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಕೆಂಪಿ ಇತ್ತು. ಇಳಿತದ ಹೊತ್ತಿಗೆ ಹೊಳೆಗೆ ಇಳಿದಿತ್ತಂತೆ. ಹೊಳೆ ಕಡಲು ಸೇರುವ ಅಳಿವೆಯ ಸೆಳೆತದಲ್ಲಿ ಒಳ್ಳೆಯ ಈಜುಗಾರರೇ ನಿಲ್ಲುವುದು ಕಷ್ಟ, ಸೊಟ್ಟ ಕಾಲಿನ ನಾಯಿ ಎಲ್ಲಿ ದಾಟೀತು?

"ಇಲ್ಲೇ ಮಣ್ಣು ಮಾಡಿ ನಾಗಕ್ಕ. ಅದು ಇಲ್ಲಿಗೇ ಬರ್ತಾ ಇತ್ತು" ಎಂದ ದಿನಕರ.

ನಾಗಕ್ಕ ಪಂಚೆ ಸರಿಸಿ ಕೆಂಪಿಯ ಕಿವಿಯೊಳಗಿನ ಮರಳನ್ನು ಬೆರಳಿಂದ ತೆಗೆದಳು. "ಒಂದು ಮಾತು ನನ್ನ ಕರೀಬಾರದಿತ್ತಾ ಉಮಾ?"

ಉಮಾ ಅಳುತ್ತಿದ್ದಳು. "ಕರೀಬ್ಯಾಡ ಅಂದವ್ಳು ನೀನೇ ಅಲ್ದಾ? ದಿನಾ ಫೋನು ಕೈಲಿ ಹಿಡ್ಕಂಡು, ಮತ್ತೆ ಕೆಳಗಿಡ್ತಿದ್ದೆ."

ಯಾರಿಗೆ ಬೈಯುವುದು? ನನ್ನ ಬಾಯಿ ಸಣ್ಣದಲ್ಲ, ಆದರೆ ಆ ದಿನ ಬೈಯಲು ಅಲ್ಲಿ ಒಬ್ಬರೂ ಸಿಗಲಿಲ್ಲ. ಮೂವರೂ ಅದರ ಒಳ್ಳೆಯದನ್ನೇ ಬಯಸಿದ್ದರು.

ಆಮೇಲೆ ನಾಗಕ್ಕ ನಾಯಿ ಕೊಡುವುದನ್ನು ನಿಲ್ಲಿಸಿದಳು. ಕುಮಟೆಯಿಂದ ಗಂಡ ಹೆಂಡತಿ ಬಂದು ಹೆಣ್ಣಾದರೂ ಅಡ್ಡಿಲ್ಲ ಎಂದರು. ಇಷ್ಟು ವರ್ಷ ಯಾವ ಮಾತಿಗಾಗಿ ಕಾದಿದ್ದೆವೋ, ಅದು ಬಂದಾಗ "ಇಲ್ಲಿ ಕೊಡೂ ನಾಯಿ ಇಲ್ಲ" ಎಂದು ಕಳಿಸಿಬಿಟ್ಟಳು. ಬೆನ್ನ ಹಿಂದೆ ಮೂವತ್ತು ನಾಯಿ ಬೊಗಳುತ್ತಿದ್ದವು.

ಮಳೆಗಾಲ ಮುಗಿದ ಮೇಲೆ ಉಮಾ ಮತ್ತೆ ಬಂದಳು. "ಇನ್ನೊಂದು ಕೊಡು ನಾಗಕ್ಕ. ಕುಂಟೋ, ಕುರುಡೋ, ಯಾವ್ದಾದ್ರೂ ಆತು. ಈ ಸಲ ನೀನೂ ಬಾ, ಅದು ಸಮ ಆಗೂವರೆಗೆ ನಮ್ಮನೇಲೇ ಉಳ್ಕ."

ಇದಕ್ಕಿಂತ ಹೆಚ್ಚು ಇನ್ನೇನು ಹೇಳಬೇಕು? ಈಗಲಾದರೂ ಹೂಂ ಅನ್ನುತ್ತಾಳೆ ಎಂದುಕೊಂಡೆ.

"ನಿನ್ನ ಮೇಲೆ ಸಿಟ್ಟಿಲ್ಲ ಉಮಾ. ನನ್ನ ಕೈಯಿಂದ ಆಗೂದಿಲ್ಲ."

"ನಿಂಗೆ ವಯಸ್ಸಾತು. ನಿನ್ನ ನಂತ್ರ ಇವುಕ್ಕೆ ಯಾರೇ?" ನಾನು ತಡೆಯಲಾರದೆ ಕೂಗಿಯೇಬಿಟ್ಟೆ.

ಉಮಾ ಹೊರಟಳು. ಕಪ್ಪು ನಾಯಿಯೊಂದು, ಅದೂ ಹೆಣ್ಣೇ, ಬಾಲ ಅಲ್ಲಾಡಿಸುತ್ತ ಅವಳ ಸೀರೆಯ ಅಂಚು ಮೂಸುತ್ತ ಗೇಟಿನ ಆಚೆ ಹೋಗಿಯೇಬಿಟ್ಟಿತು. ಉಮಾ ನಿಂತು ಅದರ ತಲೆ ಸವರಿದಳು, ನಮ್ಮ ಕಡೆ ನೋಡಿದಳು. ಕರೆಯಬೇಡ, ದೇವರೇ, ನಾಗಕ್ಕ ಅದನ್ನು ಕರೆಯದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ನಾಗಕ್ಕ ಹೆಸರು ಹಿಡಿದು ಕರೆದಳು. ಅದು ಉಮಾಳನ್ನು ಬಿಟ್ಟು ಓಡಿ ಬಂತು.