ಸೋಬಾನೆ ಫೈಲಿನ ಪಾಸ್‌ವರ್ಡ್

ದೊಡ್ಡಪ್ಪನ ಮಗ ಅಣ್ಣ ಒಂದು ಸೋಮವಾರ ಬೆಳಿಗ್ಗೆ ಕಡಬದ ನನ್ನ ಟೈಪಿಂಗ್ ಅಂಗಡಿಗೆ ಬಂದಾಗ ಅವರ ಮುಖ ನೋಡಿಯೇ ನನಗೆ ಖುಷಿಯಾಯಿತು. ಮುಖ ಬಾಡಿತ್ತು. ಎರಡು ವರ್ಷದಿಂದ ನಾನು ಬಯಸಿದ್ದು ಅದನ್ನೇ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಳ್ಳೆಯ ಹೆಂಗಸು ಎನಿಸಿಕೊಳ್ಳಲು ನಾನು ಇದನ್ನು ಬರೆಯುತ್ತಿಲ್ಲ.

"ಒಂದು ಫೈಲ್ ಓಪನ್ ಆಗುದಿಲ್ಲ ಮಾರಾಯ್ತಿ," ಎಂದು ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟರು. "ಪಾಸ್‌ವರ್ಡ್ ಹಾಕಿದ್ದೆ. ಈಗ ಅದನ್ನೇ ಹಾಕಿದ್ರೆ ತಪ್ಪು ಅಂತ ತೋರಿಸ್ತದೆ."

ಯಾವ ಫೈಲ್ ಎಂದು ನಾನು ಕೇಳಲಿಲ್ಲ. ಆ ಪೆನ್‌ಡ್ರೈವ್ ನನ್ನದೇ. ಅದರ ಬೆನ್ನಿಗೆ ನಾನು ಅಂಟಿಸಿದ್ದ ಬಿಳಿ ಚೀಟಿಯನ್ನು ಕೀಳುವ ಕಷ್ಟವನ್ನೂ ಅವರು ತೆಗೆದುಕೊಂಡಿರಲಿಲ್ಲ.

ಅದರಲ್ಲಿ ಇದ್ದದ್ದು ಅವ್ವನ ಸೋಬಾನೆಗಳು. ನಮ್ಮದು ಸುಳ್ಯದ ಕಡೆಯ ಅರೆಭಾಷೆಯ ಕುಟುಂಬ. ಮದುವೆ ಮನೆಯಲ್ಲಿ ಅರಿಶಿನ ಹಚ್ಚುವಾಗ, ಮದುಮಗಳನ್ನು ಚಪ್ಪರಕ್ಕೆ ಕರೆತರುವಾಗ, ಹೆಣ್ಣನ್ನು ಒಪ್ಪಿಸಿ ಕೊಡುವಾಗ ಹೆಂಗಸರು ಹಾಡುವ ಹಾಡುಗಳಿಗೆ ಸೋಬಾನೆ ಎನ್ನುತ್ತೇವೆ. ಅವ್ವನಿಗೆ ಗೊತ್ತಿದ್ದಷ್ಟು ಹಾಡು ನಮ್ಮಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆಗೆ ಇದ್ದರು. ಅಂಗಡಿಯ ಹಿಂದೆಯೇ ನಮ್ಮ ಮನೆ. ಭಾನುವಾರ ಅಂಗಡಿಯ ಅರ್ಧ ಶಟರ್ ಎಳೆದು, ಅವ್ವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಅವರು ಹೇಳಿದ ಹಾಗೆ ಟೈಪ್ ಮಾಡುತ್ತಿದ್ದೆ. ಹೇಳು ಎಂದರೆ ಅವ್ವನಿಗೆ ಬರುತ್ತಿರಲಿಲ್ಲ, ಹಾಡಬೇಕಿತ್ತು. ಒಂದು ಸಾಲು ತಪ್ಪಿದರೆ ಮೊದಲಿನಿಂದ. ಹೀಗೆ ನಾಲ್ಕು ವರ್ಷ.

ಅಣ್ಣ ನಿವೃತ್ತ ಹೆಡ್ ಮಾಸ್ಟರು, ಕುಟುಂಬ ಸಮಿತಿಯ ಅಧ್ಯಕ್ಷರು. ಮೇಷ್ಟ್ರಾದ ಮೇಲೆ ಮನೆಯವರೊಡನೆಯೂ ಅರೆಭಾಷೆ ಬಿಟ್ಟು ಕನ್ನಡದಲ್ಲೇ ಮಾತನಾಡುವವರು. "ಅಕ್ಷರ ತಪ್ಪು ನೋಡಿ ಕೊಡ್ತೇನೆ," ಎಂದು ಅಂಗಡಿಯಿಂದ ಆ ಪೆನ್‌ಡ್ರೈವ್ ತೆಗೆದುಕೊಂಡು ಹೋದರು. ಹಿರಿಯರು, ಓದಿದವರು, ನಾನು ಕೊಟ್ಟೆ. ಮುಂದಿನ ತಿಂಗಳು ಅವ್ವನಿಗೆ ಪಾರ್ಶ್ವವಾಯು ಬಡಿಯಿತು. ಅವರನ್ನು ಪುತ್ತೂರಿನ ಆಸ್ಪತ್ರೆಗೆ ಸೇರಿಸಿದ ವಾರವೇ ಇಲ್ಲಿ ಸಿಡಿಲು. ಗುಡುಗಿನ ಸದ್ದು ಕೇಳಿದ ಕೂಡಲೇ ಪ್ಲಗ್ ಕೀಳುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಕೀಳಲು ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕಂಪ್ಯೂಟರ್ ಸುಟ್ಟುಹೋಯಿತು. ಅವ್ವ ಮನೆಗೆ ಮರಳಿದರು, ಮಾತು ಮರಳಲಿಲ್ಲ. ಅವ್ವನ ಹಾಡುಗಳು ಭೂಮಿಯ ಮೇಲೆ ಉಳಿದದ್ದು ಅಣ್ಣನ ಕೈಯಲ್ಲಿದ್ದ ಆ ಪೆನ್‌ಡ್ರೈವಿನಲ್ಲಿ ಮಾತ್ರ.

ಫೋನ್ ಮಾಡಿ ಕೇಳಿದೆ. "ಫೈಲ್ ಎಲ್ಲಿಗೂ ಓಡಿ ಹೋಗುದಿಲ್ಲ," ಎಂದರು. ಮತ್ತೆ ಕೇಳಿದೆ. "ನಾನು ಲಾಕ್ ಮಾಡಿ ಇಟ್ಟಿದ್ದೇನೆ, ಯಾರೂ ಕದಿಯಬಾರದಲ್ವಾ? ಪುಸ್ತಕ ಆದಾಗ ನಿನಗೂ ಒಂದು ಕೊಡ್ತೇನೆ." ಕದಿಯಬಾರದು ಎಂಬ ಮಾತನ್ನು ಅವರು ನಾಲಿಗೆ ತಡವರಿಸದೆ ಹೇಳಿದರು. ಕೊನೆಗೆ ಒಂದು ದಿನ ಪುಸ್ತಕ ಬಿಡುಗಡೆಯ ಆಮಂತ್ರಣ ಬಂತು. ಸಂಗ್ರಹ ಮತ್ತು ಸಂಪಾದನೆ ಎಂಬಲ್ಲಿ ದಪ್ಪ ಅಕ್ಷರದಲ್ಲಿ ಅಣ್ಣನ ಹೆಸರು. ಅವ್ವನ ಸುದ್ದಿಯೇ ಇರಲಿಲ್ಲ. ಆ ಕಾಗದವನ್ನು ಕೈಯಲ್ಲಿ ಹಿಡಿದು ನಾನು ಎಷ್ಟು ಹೊತ್ತು ನಿಂತಿದ್ದೆನೋ. ಇವರಿಗೆ ಒಂದು ದಿನ ನನ್ನ ಬಾಗಿಲಿಗೆ ಬರುವ ಹಾಗೆ ಆಗಲಿ ಎಂದು ಹಲ್ಲು ಕಚ್ಚಿ ಹೇಳಿಕೊಂಡೆ. ವಾರ ಕಳೆಯುವುದರೊಳಗೆ ಬಂದರು.

ಹಿತ್ತಲ ಗಿಡ ಮದ್ದಲ್ಲವಷ್ಟೆ. ಮೊದಲು ಪುತ್ತೂರಿನಲ್ಲಿ ಮೂರು ಅಂಗಡಿ ಸುತ್ತಿದ್ದರು. ಆಮೇಲೆ ಮಂಗಳೂರಿನಲ್ಲಿ ಒಬ್ಬರು ಯಾವುದೋ ಸಾಫ್ಟ್‌ವೇರ್ ಹಾಕಿ ಮೂರು ದಿನ ಓಡಿಸಿ, ಆಗುವುದಿಲ್ಲ ಎಂದು ಕೈಚೆಲ್ಲಿದ್ದರು. ಬಿಡುಗಡೆಗೆ ಮೂರು ವಾರ. ಹಾಲ್ ಬುಕ್ ಆಗಿದೆ, ಅತಿಥಿಗಳು ಒಪ್ಪಿದ್ದಾರೆ, ಪ್ರೆಸ್‌ನವರು ಫೈಲ್ ಕೇಳುತ್ತಿದ್ದಾರೆ.

"ಪಾಸ್‌ವರ್ಡ್ ಎಂತ ಅಣ್ಣ?" ಎಂದು ಕೇಳಿದೆ.

"ನನ್ನ ಹೆಸರೇ. ಮತ್ತೆ ಹುಟ್ಟಿದ ವರ್ಷ. ಎಲ್ಲದಕ್ಕೂ ಅದೇ ಹಾಕುದು ನಾನು, ಮರೆಯಲಿಕ್ಕೆ ಸಾಧ್ಯವೇ ಇಲ್ಲ."

ಅವ್ವನ ಹಾಡಿಗೆ ತನ್ನ ಹೆಸರಿನ ಬೀಗ ಹಾಕಿದ್ದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಮೆಲ್ಲಗೆ ಕೇಳಿದೆ, "ಪಾಸ್‌ವರ್ಡ್ ಹಾಕುವಾಗ ನೀವು ಮುನ್ನುಡಿ ಟೈಪ್ ಮಾಡ್ತಾ ಇದ್ರಾ?"

"ಹೌದು. ಮುನ್ನುಡಿ ಮುಗಿಸಿ, ಅಲ್ಲೇ ಲಾಕ್ ಮಾಡಿ ಇಟ್ಟದ್ದು. ಮತ್ತೆ ತೆಗೆದದ್ದು ಈಗಲೇ."

ಅಷ್ಟು ಸಾಕಿತ್ತು. ನಮ್ಮ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಸ್ಕ್ರೋಲ್ ಲಾಕ್ ಕೀಲಿ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್. ಕನ್ನಡದಲ್ಲಿ ಬರೆಯುತ್ತಿದ್ದವರು ಆ ಕೀಲಿ ಒತ್ತಲು ಮರೆತು ಪಾಸ್‌ವರ್ಡ್ ಹಾಕಿದರೆ ಒಳಗೆ ಹೋಗುವುದೇ ಬೇರೆ ಅಕ್ಷರಗಳು. ಪರದೆಯ ಮೇಲೆ ಕಾಣುವುದು ಬರೀ ಚುಕ್ಕಿ, ಹಾಗಾಗಿ ಗೊತ್ತಾಗುವುದಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಸಾವಿರ ಸಲ ಅದೇ ಹೆಸರು ಕುಟ್ಟಿದರೂ ಬಾಗಿಲು ತೆರೆಯುವುದಿಲ್ಲ. ಕನ್ನಡ ಟೈಪ್ ಮಾಡಿ ಬದುಕುವವರೆಲ್ಲ ಒಮ್ಮೆಯಾದರೂ ಈ ಗುಂಡಿಗೆ ಬಿದ್ದಿರುತ್ತಾರೆ. ನಾನೂ ಒಂದು ಸಂಘದ ವಾರ್ಷಿಕ ವರದಿಯನ್ನು ಹೀಗೇ ಮುಚ್ಚಿ, ಒಂದು ದಿನವಿಡೀ ಅತ್ತು, ಕಂಡುಕೊಂಡಿದ್ದೆ.

"ಸ್ವಲ್ಪ ಕಷ್ಟ ಉಂಟು ಅಣ್ಣ. ಬಿಟ್ಟು ಹೋಗಿ, ನೋಡ್ತೇನೆ," ಎಂದೆ.

ಅವರ ಕಾರು ತಿರುವು ದಾಟುವುದರೊಳಗೆ ಫೈಲ್ ತೆರೆದಿತ್ತು.

ಮುನ್ನುಡಿ ಓದಿದೆ. ಮನೆ ಮನೆ ತಿರುಗಿದರಂತೆ. ಹಿರಿಯ ಹೆಂಗಸರ ಕಾಲ ಬುಡದಲ್ಲಿ ಕುಳಿತು ಬರೆದುಕೊಂಡರಂತೆ. ಪ್ರತಿ ಹಾಡಿನ ಕೆಳಗೆ ನಾನು 'ಹೇಳಿದವರು: ಅವ್ವ' ಎಂದು ಟೈಪ್ ಮಾಡಿದ್ದೆ. ಅದೊಂದೂ ಇರಲಿಲ್ಲ. ಎಲ್ಲವನ್ನೂ ಒಂದೇ ಸಲ ಹುಡುಕಿ ಅಳಿಸಲು ಬರುತ್ತದಲ್ಲ, ಹಾಗೆ ಅಳಿಸಿದ್ದರು. ಆದರೆ ಓದಿರಲಿಲ್ಲ. ಓದಿದ್ದರೆ, ಹೆಣ್ಣು ಒಪ್ಪಿಸುವ ಹಾಡಿನ ನಡುವೆ ನಾನು ನನಗಾಗಿ ಬರೆದಿಟ್ಟ ಒಂದು ಸಾಲು ಅಲ್ಲೇ ಉಳಿಯುತ್ತಿರಲಿಲ್ಲ: ಇಲ್ಲಿ ಎರಡು ಸಾಲು ನೆನಪಾಗಲಿಲ್ಲ, ಬರುವ ವಾರ ಇನ್ನೊಮ್ಮೆ ಕೇಳಬೇಕು.

ಅದನ್ನು ಓದಿ ನಾನು ಅತ್ತೆ. ಆಮೇಲೆ ಒಳಗೆ ಹೋಗಿ ಆ ಹಾಡನ್ನು ಅವ್ವನಿಗೆ ಓದಿ ಹೇಳಿದೆ. ಬಿಟ್ಟುಹೋದ ಜಾಗ ಬಂದಾಗ ನಿಲ್ಲಿಸಿದೆ. ಅವ್ವನ ತುಟಿ ಅಲುಗಿತು. ಎರಡು ಸಾಲಿನಷ್ಟು ಹೊತ್ತು ಅಲುಗಿತು. ಸ್ವರ ಬರಲಿಲ್ಲ. ಅವರಿಗೆ ಈಗ ನೆನಪಿದೆ ಎಂದು ನನಗೆ ಗೊತ್ತಾಯಿತು, ಆದರೆ ಆ ಸಾಲುಗಳು ನನಗೆ ಇನ್ನು ಸಿಗುವುದಿಲ್ಲ. ಅಣ್ಣನ ಮೇಲೆ ಇದ್ದ ಸ್ವಲ್ಪ ಕನಿಕರವೂ ಅಂದಿಗೆ ಹೋಯಿತು.

ಫೈಲನ್ನು ಮೂರು ಕಡೆ ಪ್ರತಿ ಮಾಡಿಟ್ಟೆ. ಅಣ್ಣನನ್ನು ಒಂಬತ್ತು ದಿನ ಕಾಯಿಸಿದೆ. ದಿನಕ್ಕೆರಡು ಸಲ ಫೋನ್ ಬರುತ್ತಿತ್ತು. "ಆಯ್ತಾ?" "ಇಲ್ಲ ಅಣ್ಣ, ನೋಡ್ತಾ ಇದ್ದೇನೆ." ಹಾಗೆ ಹೇಳುವಾಗ ಮುದ್ರಿಸಿ ತೆಗೆದ ಹಾಡುಗಳ ಕಟ್ಟು ನನ್ನ ಮೊಣಕೈಯ ಕೆಳಗೇ ಇರುತ್ತಿತ್ತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಬೆಕ್ಕಿಗೆ ಎಷ್ಟು ಸುಖವಾಗುತ್ತದೆ ಎಂದು ಆ ಒಂಬತ್ತು ದಿನ ತಿಳಿಯಿತು. ಐದನೆಯ ದಿನ ಅವರ ಸ್ವರ ಕುಗ್ಗಿತು. ಏಳನೆಯ ದಿನ ಅತ್ತಿಗೆಯಿಂದ ಫೋನ್ ಮಾಡಿಸಿದರು. "ಅವರಿಗೆ ಊಟ ಸೇರುದಿಲ್ಲ," ಎಂದರು ಅತ್ತಿಗೆ. ನನಗೆ ಆ ದಿನ ಎರಡು ತುತ್ತು ಹೆಚ್ಚೇ ಸೇರಿತು.

ಹತ್ತನೆಯ ದಿನ ಬರಹೇಳಿದೆ. ಅಷ್ಟರಲ್ಲಿ ಅವರ ಮುನ್ನುಡಿ ತೆಗೆದಿದ್ದೆ. ಮೊದಲ ಪುಟದಲ್ಲಿ ಹಾಡಿದವರು ಎಂದು ಅವ್ವನ ಹೆಸರು ಹಾಕಿ, ಫೈಲಿಗೆ ಹೊಸ ಪಾಸ್‌ವರ್ಡ್ ಕೊಟ್ಟಿದ್ದೆ. ಅಣ್ಣ ಅತ್ತಿಗೆಯೊಡನೆ ಬಂದರು. ನನ್ನ ಕುರ್ಚಿಯಲ್ಲೇ ಅವರನ್ನು ಕೂರಿಸಿದೆ.

"ಹಳೇ ಪಾಸ್‌ವರ್ಡ್ ತೆಗೆದಿದ್ದೇನೆ. ಈಗ ಬೇರೆ ಉಂಟು. ಹಾಡು ಹೇಳಿದವರ ಹೆಸರು ಇಂಗ್ಲಿಷಿನಲ್ಲಿ ಹಾಕಿ, ಓಪನ್ ಆಗ್ತದೆ."

ಅವರು ನನ್ನ ಮುಖ ನೋಡಿದರು. ಒಂದೇ ಬೆರಳಿನಲ್ಲಿ 'ಚಿಕ್ಕಮ್ಮ' ಎಂದು ಕುಟ್ಟಿದರು. ತೆರೆಯಲಿಲ್ಲ.

"ಅದು ನೀವು ಕರೆಯುದು ಅಣ್ಣ. ಹೆಸರು ಹಾಕಿ."

ನಮ್ಮಲ್ಲಿ ಮದುವೆಯಾಗಿ ಬಂದ ಹೆಣ್ಣನ್ನು ಹುಟ್ಟಿದ ಊರಿನಿಂದ ಕರೆಯುವುದು ವಾಡಿಕೆ. ಅವ್ವ ಬಂದ ದಿನದಿಂದ ಎಲ್ಲರಿಗೂ ಅರಂತೋಡಿನವಳು, ಅರಂತೋಡಕ್ಕ, ಅರಂತೋಡು ಚಿಕ್ಕಮ್ಮ. ಅಣ್ಣ ನಮ್ಮ ಕುಟುಂಬದ ವಂಶವೃಕ್ಷ ಬರೆದವರು. ಏಳು ತಲೆಮಾರಿನ ಗಂಡಸರ ಹೆಸರು ಅವರಿಗೆ ಬಾಯಿಪಾಠ. ಅದರಲ್ಲಿ ನನ್ನ ಅಪ್ಪನ ಹೆಸರಿನ ಪಕ್ಕ ಬರೆದದ್ದು ಪತ್ನಿ ಅರಂತೋಡಿನವರು ಎಂದು. ಅಷ್ಟೇ.

ಅಣ್ಣ ಅತ್ತಿಗೆಯ ಕಡೆ ತಿರುಗಿದರು. ಅತ್ತಿಗೆ ತಲೆ ತಗ್ಗಿಸಿದರು. ಅಣ್ಣ ಸುಳ್ಯದಲ್ಲಿರುವ ತನ್ನ ತಂಗಿಗೆ ಫೋನ್ ಮಾಡಿದರು. "ಅರಂತೋಡು ಚಿಕ್ಕಮ್ಮನಿಗೆ ಬೇರೆ ಹೆಸರು ಉಂಟಾ?" ಎಂದು ತಂಗಿ ಕೇಳಿದ್ದು ನನಗೂ ಕೇಳಿಸಿತು. ಅವರ ಕಿವಿ ಕೆಂಪಾಯಿತು.

"ಎಂತ ಹೆಸರು, ಹೇಳು ಮಾರಾಯ್ತಿ," ಎಂದರು.

"ಅವ್ವ ಒಳಗೆ ಇದ್ದಾರೆ. ಹೋಗಿ ಕೇಳಿ."

ಕ್ರೂರ ಮಾತೆಂದು ಗೊತ್ತಿದ್ದೇ ಹೇಳಿದೆ. ಅವರು ಎದ್ದು ಒಳಗೆ ಹೋದರು. ಅವ್ವನಿಗೆ ಹೀಗಾದ ಮೇಲೆ ಅವರು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಬಾಗಿಲ ಸಂದಿಯಿಂದ ನೋಡಿದೆ. ಅವ್ವ ಅವರ ಗುರುತು ಹಿಡಿದರು. ಸರಿಯಿದ್ದ ಕೈ ಎತ್ತಿ, ಕುಡಿಯುವ ಹಾಗೆ ಬಾಯಿಯ ಹತ್ತಿರ ತಂದು ನನ್ನ ಕಡೆ ತೋರಿಸಿದರು. ಬಂದವರಿಗೆ ಕಾಫಿ ಕೊಡು ಎಂದು. ಅಣ್ಣ ಏನೂ ಕೇಳದೆ ಹೊರಗೆ ಬಂದರು.

ಆಗ ಒಂದೊಂದೇ ಅಕ್ಷರ ಹೇಳಿದೆ. ಒಂದೊಂದನ್ನೂ ಕೀಬೋರ್ಡಿನಲ್ಲಿ ಹುಡುಕಿ ಒತ್ತಿದರು. ನಾನು ಕೈ ಕಟ್ಟಿ ನಿಂತಿದ್ದೆ. ಫೈಲ್ ತೆರೆಯಿತು. ಮೊದಲ ಪುಟದ ಹೆಸರನ್ನು ಅವರು ತುಂಬ ಹೊತ್ತು ನೋಡಿದರು.

"ಇದು ಹೀಗೇ ಪ್ರಿಂಟ್ ಆಗಬೇಕು. ಇಲ್ಲದಿದ್ರೆ ಬಿಡುಗಡೆಯ ದಿನ ನಾನೇ ವೇದಿಕೆಗೆ ಬರ್ತೇನೆ," ಎಂದೆ.

"ಆಯ್ತು," ಎಂದರು. ವಾದ ಮಾಡಲಿಲ್ಲ. ನಾನು ಕಾದಿದ್ದು ಈ ಗಳಿಗೆಗೇ. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅವರು ತಿರುಗಿದರು. ಸ್ವರದಲ್ಲಿ ಕೋಪವಿರಲಿಲ್ಲ.

"ನಾನು ಅಳಿಸಿದ್ದು ತಪ್ಪೇ. ಆದ್ರೆ ನೀನು ಬರೆದಲ್ಲಿಯೂ ಹೆಸರು ಇರ್ಲಿಲ್ಲ ಅಲ್ವಾ? ಎಲ್ಲ ಕಡೆ ಬರೀ ಅವ್ವ ಅಂತ ಇತ್ತು. ನಾಲ್ಕು ವರ್ಷ ಟೈಪ್ ಮಾಡಿದ್ದು ನೀನು."

ಈ ಇಡೀ ವ್ಯವಹಾರದಲ್ಲಿ ಅವರು ಆಡಿದ ಒಂದೇ ನಿಜವಾದ ಮಾತು ಅದು. ಉಳಿದದ್ದನ್ನು ಒಂದು ದಿನ ಮರೆತೇನು, ಆ ಮಾತಿಗೆ ಮಾತ್ರ ಅವರನ್ನು ಕ್ಷಮಿಸಲಾರೆ.