ತವರದ ಸಿಗ್ನಲ್ ಎಲ್ಲಿ ಹೋಯಿತು?

"ಅಮ್ಮಾ, ಸಿಗ್ನಲ್ ರಾಲೇದು!"

ಬೆಳಗ್ಗೆ ವಿಜಯವಾಡದ ಭವಾನಿಪುರಂನ ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದೆ, ಮಗಳ ಫೋನು. ಸಿಗ್ನಲ್ ಬಂದಿಲ್ಲ ಎಂದು ಫೋನಿನಲ್ಲೇ ಹೇಳುತ್ತಿದ್ದಾಳಲ್ಲ, ಇದೆಂಥ ತಮಾಷೆ ಎಂದುಕೊಂಡೆ. ಅಷ್ಟರಲ್ಲಿ ಅವಳು ಅಳತೊಡಗಿದಳು.

ನಮ್ಮ ಸಿಂಧು ವಿಶಾಖಪಟ್ಟಣದಲ್ಲಿ ಕೆಮಿಸ್ಟ್ರಿ ರಿಸರ್ಚ್ ಮಾಡುತ್ತಾಳೆ. ಗಾಜುವಾಕದಲ್ಲಿ ಗೆಳತಿಯ ಜೊತೆ ಬಾಡಿಗೆ ಫ್ಲ್ಯಾಟ್. ತವರ, ಸೀಸದಂಥ ಭಾರ ಲೋಹಗಳ ಹೊಸ ಸಂಯುಕ್ತ ತಯಾರಿಸಿ, ಅದನ್ನು ಎನ್‌ಎಂಆರ್ ಎಂಬ ಯಂತ್ರದಲ್ಲಿಟ್ಟು ಪರೀಕ್ಷಿಸುವುದು ಅವಳ ಕೆಲಸ. ಮೊದಲೆಲ್ಲ ಈ ಯಂತ್ರಕ್ಕೆ ಒಂದು ರೂಮೇ ಬೇಕಿತ್ತಂತೆ. ಇವಳದ್ದು ಮೇಜಿನ ಮೇಲೆ ಕೂರುವಂಥದ್ದು, ಒಳಗೊಂದು ಆಯಸ್ಕಾಂತ. ಸಣ್ಣ ಗಾಜಿನ ಕೊಳವೆ ಇಳಿಸಿದರೆ ತವರ ಸಿಗ್ನಲ್ ಕೊಡುತ್ತದೆ, ಪರದೆಯ ಮೇಲೆ ಚೂಪಾದ ಗೆರೆ ಏಳುತ್ತದೆ. ಎದ್ದ ಜಾಗ ನೋಡಿ ತವರ ಯಾರ್ಯಾರ ಕೈ ಹಿಡಿದಿದೆ ಎಂದು ಹೇಳಬಹುದು. (ನನಗೆ ಅರ್ಥವಾದದ್ದು ಇಷ್ಟೇ. ಕೆಮಿಸ್ಟ್ರಿ ಮೇಷ್ಟ್ರುಗಳು ಕ್ಷಮಿಸಲಿ.)

ಹೋದ ತಿಂಗಳು ಗೆರೆ ಎದ್ದಿತ್ತು. ಅದರ ಚಿತ್ರ ಹಾಕಿ ಜರ್ನಲ್‌ಗೆ ಪೇಪರ್ ಕಳಿಸಿಯೂ ಆಗಿತ್ತು. ಈಗ ಅವಳ ಗೈಡ್ "ನನ್ನೆದುರು ಇನ್ನೊಮ್ಮೆ ಮಾಡು" ಎಂದರೆ ಪರದೆ ಸಪಾಟು! "ಹಾಗಾದರೆ ಹೋದ ತಿಂಗಳ ಗೆರೆ ಎಲ್ಲಿಂದ ಬಂತಮ್ಮಾ?" ಎಂದು ಕೇಳಿದರಂತೆ. ನಾಳೆ ಮಧ್ಯಾಹ್ನದೊಳಗೆ ತೋರಿಸದಿದ್ದರೆ ಪೇಪರ್ ವಾಪಸ್.

ಅರ್ಥವಾಯಿತಲ್ಲ? ನೀನೇ ಗೆರೆ ಎಳೆದೆಯಾ ಎಂದು ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ. ಈ ಮಸಿ ಒಮ್ಮೆ ಮೆತ್ತಿಕೊಂಡರೆ ಯಾವ ಸೋಪಿಗೆ ಹೋದೀತು?

ಬ್ಯಾಂಕಿಗೆ ರಜೆ ಹೇಳಿ ರೈಲು ಹತ್ತಿದೆ. ನನ್ನ ಮಗಳು ಸುಳ್ಳು ಹೇಳುವವಳಲ್ಲ. ಆದರೆ ಎಲ್ಲ ತಾಯಂದಿರೂ ಹೀಗೇ ಹೇಳುತ್ತಾರಲ್ಲವೇ? ಈ ಯೋಚನೆ ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಮರುದಿನ ಬೆಳಗ್ಗೆ ಅವಳ ಲ್ಯಾಬಿನ ಕ್ಯಾಂಟೀನಿನಲ್ಲಿ ಕೂತೆವು. ಇಡ್ಲಿ ಮುಟ್ಟಲಿಲ್ಲ ಹುಡುಗಿ.

"ಹೋದ ಸಲ ಮಾಡ್ದಂಗೇ ಮಾಡ್ದ್ಯೇನೇ ಎಲ್ಲಾನೂ?"

"ಎಲ್ಲಾ ಅದೇ ಅಮ್ಮಾ. ಆಗ ಕ್ಲೋರೋಫಾರ್ಮಲ್ಲಿ ಕರಗಿಸಿದ್ದೆ. ಈ ಸಲ ಅದು ಖಾಲಿಯಾಗಿತ್ತು. ಸರ್ರೇ ಡಿಎಂಎಸ್‌ಓ ಅನ್ನೋ ಬೇರೆ ಸಾಲ್ವೆಂಟ್ ಬಾಟ್ಲು ಕೊಟ್ಟು, ಇದ್ರಲ್ಲಿ ಬೇಗ ಕರಗುತ್ತೆ ಅಂದ್ರು."

"ನೀನೇನಂದೆ?"

"ಸರೇ ಸರ್ ಅಂದೆ."

ಸರೇ ಸರ್! ಅಂದರೆ ಸರಿ ಸರ್. ನನ್ನ ಟ್ರಾನ್ಸ್‌ಫರ್‌ಗಳ ಹಿಂದೆ ಆಂಧ್ರದಲ್ಲೇ ಬೆಳೆದವಳು, ಅವಳ ಮರ್ಯಾದೆಯೆಲ್ಲ ತೆಲುಗಿನಲ್ಲಿ. ಗೈಡ್ ಹೇಳಿದ ಮೇಲೆ 'ಯಾಕೆ ಸರ್?' ಎಂದು ಕೇಳುವುದುಂಟೇ? (ನಮ್ಮ ಬ್ಯಾಂಕಿನಲ್ಲಿ ಮಾತ್ರ ಕೇಳುತ್ತಾರಾ? ಬಿಡಿ.)

ಸಿಂಧು ಥಟ್ಟನೆ ನನ್ನ ಕೈ ಹಿಡಿದಳು.

"ಅಮ್ಮಾ, ಕ್ಲೋರೋಫಾರ್ಮ್ ತವರದ ತಂಟೆಗೆ ಹೋಗಲ್ಲ. ಈ ಡಿಎಂಎಸ್‌ಓ ಹೋಗಿ ಅಂಟ್ಕೊಳುತ್ತೆ! ಅಂಟ್ಕೊಂಡ್ರೆ ಸಿಗ್ನಲ್ ಎಲ್ಲೋ ದೂರ ಹೋಗ್ಬಿಡುತ್ತೆ. ಭಾರ ಲೋಹದ್ದು ತುಂಬಾ ದೂರ ಓಡುತ್ತೆ. ವಿಜಯವಾಡದಲ್ಲೇ ಇಳಿದವರನ್ನ ನಾವು ವೈಜಾಗ್ ಸ್ಟೇಷನ್ನಲ್ಲಿ ಹುಡುಕ್ತಿದ್ವಿ!"

ಓಡಿದಳು. ಹಿಂದೆ ನಾನು, ಏದುಸಿರು ಬಿಡುತ್ತ.

ಲ್ಯಾಬಿನ ಗಾಜಿನ ಬಾಗಿಲಾಚೆ ನಿಂತು ನೋಡಿದೆ. ಗೈಡ್ ಕೈಕಟ್ಟಿ ನಿಂತಿದ್ದರು. ಅವಳು ಹುಡುಕುವ ಜಾಗ ಬದಲಾಯಿಸಿ ಶುರು ಮಾಡಿದಳು. ತವರದ ಸಿಗ್ನಲ್ ಸಣ್ಣದು, ಮತ್ತೆ ಮತ್ತೆ ಕೇಳಿ ಕೂಡಿಸಬೇಕಂತೆ. ಪರದೆಯ ಮೇಲೆ ಬರೀ ಹುಲ್ಲು ಹುಲ್ಲು ಗೆರೆ. ಗೈಡ್ ವಾಚು ನೋಡಿಕೊಂಡರು. ಕಲಿತ ದೇವರನಾಮವೆಲ್ಲ ಮರೆತುಹೋಗಿ 'ಬಾ ತಾಯಿ, ಬಾ ತಾಯಿ' ಎಂದು ತವರವನ್ನೇ ಬೇಡಿಕೊಂಡೆ.

ಹುಲ್ಲಿನ ನಡುವೆ ಒಂದು ಗೆರೆ ತಲೆ ಎತ್ತಿತು. ಇನ್ನಷ್ಟು ಎದ್ದಿತು. ಸಿಂಧು ಬಾಯಿಗೆ ಕೈ ಅಡ್ಡ ಹಿಡಿದಳು. ಬಾಗಿಲಾಚೆ ನಾನು ಅತ್ತೇಬಿಟ್ಟೆ.

ಆಮೇಲೆ ಪಕ್ಕದ ಲ್ಯಾಬಿನಿಂದ ಕ್ಲೋರೋಫಾರ್ಮ್ ತಂದು ಮಾಡಿದಳು. ಹೋದ ತಿಂಗಳ ಗೆರೆ, ಹೋದ ತಿಂಗಳ ಜಾಗದಲ್ಲೇ! ಪೇಪರ್ ಉಳಿಯಿತು.

ಗೈಡ್ ಕನ್ನಡಕ ಒರೆಸಿಕೊಂಡರು. "ಸಾಲ್ವೆಂಟ್ ವಿಷಯ ನೀನು ಮೊದಲೇ ಹೇಳಬೇಕಿತ್ತಲ್ಲಮ್ಮಾ" ಎಂದರು. ಬಾಟಲಿ ಯಾರು ಕೊಟ್ಟದ್ದು ಎಂಬುದನ್ನು ಅವರೂ ಹೇಳಲಿಲ್ಲ, ಇವಳೂ ಹೇಳಲಿಲ್ಲ. ಹೊರಡುವ ಮುಂಚೆ ಯಂತ್ರದ ತಲೆ ಸವರಿ, "ಚಿಕ್ಕದಾದರೂ ನಂಬಬಹುದು ಇದನ್ನ" ಎಂದು ಮೆಚ್ಚಿಕೊಂಡರು.

ಯಂತ್ರಕ್ಕೆ ಸರ್ಟಿಫಿಕೇಟ್ ಸಿಕ್ಕಿತು. ನನ್ನ ಮಗಳಿಗೆ?